ಇವತ್ತ ಎಲ್ಲಿ ಸಿಕ್ಕಾ? ಅವ್ವನ ಜೊತೆ ಗೋವಾದಲ್ಲಿ ನಾಲ್ಕು ದಿನ

ಅವ್ವನಿಗೆ ಎಪ್ಪತ್ತೆಂಟು. ಎರಡು ವರ್ಷದಿಂದ ಮರೆವು ಜಾಸ್ತಿಯಾಗಿದೆ. ಒಲೆ ಹಚ್ಚಿದ್ದು ಮರೆಯುತ್ತಾಳೆ, ಮೊಮ್ಮಗಳ ಹೆಸರು ಮರೆಯುತ್ತಾಳೆ. ಒಂದು ಪ್ರಶ್ನೆ ಮಾತ್ರ ಮರೆತಿಲ್ಲ. ನಾವು ಸಣ್ಣವರಿದ್ದಾಗ ರಾತ್ರಿ ಊಟಕ್ಕೆ ಕೂತ ಕೂಡಲೇ ಕೇಳುತ್ತಿದ್ದಳು: "ಇವತ್ತ ಕರ್ತ ಎಲ್ಲಿ ಸಿಕ್ಕಾ?" ಕರ್ತ ಅಂದರೆ ನಮ್ಮಲ್ಲಿ ದೇವರು, ಯೇಸು. ಒಬ್ಬೊಬ್ಬರೂ ಒಂದೊಂದು ಹೇಳಬೇಕು. ಹೇಳುವವರೆಗೆ ತಟ್ಟೆಗೆ ರೊಟ್ಟಿ ಬೀಳುತ್ತಿರಲಿಲ್ಲ. ನನ್ನ ತಮ್ಮ ಒಂದು ವರ್ಷ ಪೂರ್ತಿ "ಸಾಲ್ಯಾಗ" ಅಂತಲೇ ಹೇಳಿ ಪಾರಾದ.

ಈಗ ಕೇಳಿದ್ದು ನೆನಪಿರುವುದಿಲ್ಲ. ಹಾಗಾಗಿ ದಿನಕ್ಕೆ ನಾಲ್ಕೈದು ಸಲ ಕೇಳುತ್ತಾಳೆ. ಪ್ರತಿ ಸಲ ಹೊಸ ಉತ್ತರ ಎಲ್ಲಿಂದ ತರೋದು?

ನಮ್ಮದು ಹುಬ್ಬಳ್ಳಿ. ಬಾಸೆಲ್ ಮಿಷನ್‌ನವರು ಅಂದರೆ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ಕಡೆ ಏರಿದರಲ್ಲ, ಆ ಪರಂಪರೆಯ ಮನೆತನ. ದೇವಾಲಯವೆಂದರೆ ಸುಣ್ಣದ ಗೋಡೆ, ಮರದ ಬೆಂಚು, ಒಂದು ಶಿಲುಬೆ. ಊಟದ ಕೋಣೆಯ ಗೋಡೆಗೆ ಒಂದು ಹಳೇ ಫಲಕ ಇದೆ. ಎಷ್ಟೋ ಕ್ರೈಸ್ತರ ಮನೆಯಲ್ಲಿ ನೋಡಿರುತ್ತೀರಿ: ಕ್ರಿಸ್ತನೇ ಈ ಮನೆಯ ಯಜಮಾನ, ಪ್ರತಿ ಊಟದಲ್ಲೂ ಕಾಣದ ಅತಿಥಿ. ನಾನು ಅದನ್ನು ಓದುವುದು ಬಿಟ್ಟು ಮೂವತ್ತು ವರ್ಷ ಆಗಿರಬೇಕು. ಗೋಡೆಯ ಮೇಲಿದೆ ಅಷ್ಟೇ, ಕ್ಯಾಲೆಂಡರ್ ಪಕ್ಕ.

ಗೋವಾಕ್ಕೆ ಹೋಗೋಣ ಅಂದವಳು ಮಗಳು. ಅಜ್ಜಿ ಸಮುದ್ರ ನೋಡಿ ಹನ್ನೆರಡು ವರ್ಷವಾಯಿತು ಅನ್ನೋದು ಅವಳ ಲೆಕ್ಕ. ಆಗಸ್ಟ್ ತಿಂಗಳು, ಮಳೆಗಾಲ, ಬಾಡಿಗೆ ಅರ್ಧ. ಹೊರಟೆವು.

ಗುರುವಾರ: ಘಾಟಿನಲ್ಲಿ ಕಂಬಳಿಯವ

ಧಾರವಾಡದಲ್ಲಿ ಫೇಡಾ, ಅಳ್ನಾವರದಲ್ಲಿ ಮಿರ್ಚಿ. ಲೋಂಡಾ ದಾಟಿದ ಮೇಲೆ ಕಾಡು ಶುರುವಾಯಿತು, ಮಳೆಯೂ ಶುರುವಾಯಿತು. ರಾಮನಗರದ ನಂತರ ರಸ್ತೆಯಲ್ಲಿ ಗುಂಡಿ ಎಲ್ಲಿ, ನೀರು ಎಲ್ಲಿ ಅಂತ ಗೊತ್ತಾಗುವುದಿಲ್ಲ. ಎರಡೂ ಒಂದೇ ಬಣ್ಣ. ಅಣಶಿ ಕಡೆಯಿಂದ ಇಳಿಯಬಹುದಿತ್ತು ಅಂತ ಹೆಂಡತಿ ಮೂರು ಸಲ ಹೇಳಿದಳು. ಮೂರನೇ ಸಲ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಎಡಗಾಲಿ ಕೂತಿತು.

ಅನಮೋಡ ಇನ್ನೂ ಮುಂದಿತ್ತು. ಸ್ಟೆಪ್ನಿ ತೆಗೆದೆ. ಅದರಲ್ಲೂ ಗಾಳಿ ಕಡಿಮೆ. ಮಳೆಗಾಲದಲ್ಲಿ ಈ ದಾರಿ ಹಿಡಿಯುವವರು ಹೊರಡುವ ಮೊದಲು ನಾಲ್ಕಲ್ಲ, ಐದೂ ಗಾಲಿಗೆ ಗಾಳಿ ಹೊಡೆಸಿರಿ. ನಾನು ಹೊಡೆಸಿರಲಿಲ್ಲ. ಜಾಕ್ ಇಟ್ಟರೆ ಕೆಸರಿನಲ್ಲಿ ಇಳಿಯುತ್ತಿತ್ತು. ಹತ್ತು ನಿಮಿಷ ಒದ್ದಾಡಿದೆ.

ಆಗ ಒಬ್ಬ ಗೌಳಿ ಬಂದ. ತಲೆಯ ಮೇಲಿಂದ ಕಂಬಳಿ ಕೊಪ್ಪೆ, ಕೈಯಲ್ಲಿ ಹಾಲಿನ ಕ್ಯಾನು. ಈ ಕಾಡಿನಲ್ಲಿ ಗೌಳಿಗಳ ಮನೆಗಳು ಅಲ್ಲಲ್ಲಿ ಇವೆ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಏನೋ ಅಂದು, ರಸ್ತೆ ಪಕ್ಕದಿಂದ ಒಂದು ಚಪ್ಪಟೆ ಕಲ್ಲು ಕಿತ್ತು ತಂದು ಜಾಕಿನ ಕೆಳಗೆ ಸರಿಸಿದ. ಅಷ್ಟೇ. ಗಾಡಿ ಎದ್ದಿತು. ಎಲ್ಲರೂ ಕೆಳಗಿಳಿದು ನಿಂತಿದ್ದೆವು. ನಾನು ನಟ್ಟು ಬಿಗಿಯುವಾಗ ಆತ ಅವ್ವನ ಹತ್ತಿರ ಹೋಗಿ, ತನ್ನ ಕಂಬಳಿಯ ಒಂದು ತುದಿ ಎತ್ತಿ ಅವಳ ತಲೆಯ ಮೇಲೆ ಹಿಡಿದ. ಇಬ್ಬರೂ ಒಂದೇ ಕಂಬಳಿಯ ಕೆಳಗೆ, ಮಾತಿಲ್ಲದೆ, ನನ್ನ ಕೆಲಸ ಸರಿಯಿದೆಯೋ ಇಲ್ಲವೋ ನೋಡುತ್ತ ನಿಂತಿದ್ದರು. ದುಡ್ಡು ಕೊಡಲು ಹೋದರೆ ಕೈ ಮುಂದೆ ಮಾಡಲಿಲ್ಲ. ಫೇಡಾ ಕೊಟ್ಟೆವು. ಒಂದು ಬಾಯಿಗೆ ಹಾಕಿಕೊಂಡು ಕ್ಯಾನು ಎತ್ತಿಕೊಂಡು ಹೋದ. ಹೆಸರು ಕೇಳಲಿಲ್ಲ.

ಮೊಲೆಂ ಇಳಿದು ಮಡಗಾಂವ್ ಮುಟ್ಟುವಾಗ ಕತ್ತಲು. ಬೆನೌಲಿಂನಲ್ಲಿ ಒಂದು ಹಳೇ ಮನೆಯ ಎರಡು ಕೋಣೆ ಹಿಡಿದಿದ್ದೆವು. ಮನೆಯೊಡತಿ ಬಂಗಡೆ ಸಾರು, ಕೆಂಪಕ್ಕಿ ಅನ್ನ ಮಾಡಿಟ್ಟಿದ್ದರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗಸ್ಟಿನಲ್ಲಿ ಹೋದರೆ ಹೊಸ ಮೀನು. ಆ ಸಾರಿಗೆ ಹುಳಿ ಕೋಕಂದು. ಮಗಳು ಮೂರು ಸಲ ಬಡಿಸಿಕೊಂಡಳು.

"ಇವತ್ತ ಎಲ್ಲಿ ಸಿಕ್ಕಾ?" ಅಂದಳು ಅವ್ವ. ನಾನು ಬಾಯಿ ತೆಗೆಯುವ ಮೊದಲೇ ತಾನೇ ಹೇಳಿದಳು: "ಕಂಬಳಿಯೊಳಗ."

ಐದು ನಿಮಿಷ ಬಿಟ್ಟು ಅವಳಿಗೆ ಕಂಬಳಿಯೂ ನೆನಪಿರಲಿಲ್ಲ, ಪಂಕ್ಚರೂ ನೆನಪಿರಲಿಲ್ಲ.

ಶುಕ್ರವಾರ: ಬ್ರೆಡ್ಡಿನ ಸೈಕಲ್ಲು, ಬೆಳ್ಳಿಯ ಪೆಟ್ಟಿಗೆ

ಬೆಳಿಗ್ಗೆ ಆರೂವರೆಗೆ ಪೊಂವ್ ಪೊಂವ್ ಅಂತ ಹಾರನ್. ಪೊದೇರ, ಅಂದರೆ ಬ್ರೆಡ್ ಮಾರುವವ. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ, ಮೇಲೆ ನೀಲಿ ತಾಡಪಾಲು. ತಾಡಪಾಲು ಸರಿಸಿದರೆ ಒಳಗಿನಿಂದ ಬಿಸಿ ಹಬೆ ಬಂತು. ಪೊಯಿ ಅಂದರೆ ಗೋಧಿ ತೌಡು ಉದುರಿಸಿದ, ಒಳಗೆ ಟೊಳ್ಳಾದ ಬ್ರೆಡ್. ಬಳೆಯ ಹಾಗಿರುವುದಕ್ಕೆ ಕಾಂಕೊಣ ಅನ್ನುತ್ತಾರೆ. ಅವ್ವ ಒಂದು ಪೊಯಿ ಎತ್ತಿ ಮೂಗಿನ ಹತ್ತಿರ ಹಿಡಿದು, ಆಮೇಲೆ ಕೆನ್ನೆಗೆ ಒತ್ತಿಕೊಂಡು ನಿಂತಳು. ಪೊದೇರ ಕಾಯ್ದ. ಅವನಿಗೆ ಇನ್ನೂ ಹತ್ತಾರು ಮನೆ ಇದ್ದವು, ಆದರೂ ಕಾಯ್ದ.

ಇಲ್ಲಿಗೆ ಬ್ರೆಡ್ ತಂದವರು ಪೋರ್ಚುಗೀಸರು. ಕ್ಯಾಥೊಲಿಕರ ಪೂಜೆಗೆ ಗೋಧಿಯ ರೊಟ್ಟಿಯೇ ಬೇಕು, ಅನ್ನ ನಡೆಯುವುದಿಲ್ಲ. ಯೇಸು ಸಭೆಯ, ಅಂದರೆ ಜೆಸ್ವಿತ್ ಪಾದ್ರಿಗಳು ಪಕ್ಕದ ಮಜೋರ್ಡಾ ಊರಿನವರಿಗೆ ಬ್ರೆಡ್ ಸುಡುವುದು ಕಲಿಸಿದರು, ಮೊದಮೊದಲು ಹಿಟ್ಟು ಹುಳಿ ಬರಿಸಲು ಶೇಂದಿ ಹಾಕುತ್ತಿದ್ದರು ಅಂತ ಮನೆಯೊಡತಿ ಹೇಳಿದರು. ಬಲಿಪೀಠಕ್ಕೆ ಅಂತ ಬಂದದ್ದು ಈಗ ಸೈಕಲ್ ಮೇಲೆ ಚಾಕ್ಕೆ ಬರುತ್ತದೆ. ಈ ಪ್ರಯಾಣ ನನಗೆ ತುಂಬ ಇಷ್ಟವಾಯಿತು.

ತಿಂಡಿ ಮುಗಿಸಿ ಹಳೇ ಗೋವಾ. ಬಾಂ ಜೀಸಸ್ ಬೆಸಿಲಿಕಾಕ್ಕೆ ವಾರದ ದಿನ ಹೋಗುವುದೇ ಒಳ್ಳೆಯದು, ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮಗಳಿಗೆ ಅವ್ವನ ಶಾಲು ಹೊದಿಸಬೇಕಾಯಿತು. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಹೊರಗೆ ಗಾರೆ ಇಲ್ಲ, ಬರೀ ಕೆಂಪು ಚಿರೆಕಲ್ಲು. ಮಳೆಯಲ್ಲಿ ನೆನೆದು ಹಸಿ ಮಾಂಸದ ಬಣ್ಣಕ್ಕೆ ತಿರುಗಿತ್ತು.

ಒಳಗೆ ಬಲಗಡೆ, ಅಮೃತಶಿಲೆಯ ಎತ್ತರದ ಸಮಾಧಿಯ ಮೇಲೆ ಬೆಳ್ಳಿಯ ಪೆಟ್ಟಿಗೆ. ಅದರಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್. 1542ರ ಮೇ ತಿಂಗಳಲ್ಲಿ ಗೋವಾಕ್ಕೆ ಬಂದವನು, ಹತ್ತು ವರ್ಷದ ನಂತರ ಚೀನಾದ ಬಾಗಿಲಲ್ಲಿ ಒಂದು ದ್ವೀಪದಲ್ಲಿ ತೀರಿಕೊಂಡ. ಹತ್ತು ವರ್ಷಕ್ಕೊಮ್ಮೆ ದೇಹವನ್ನು ಕೆಳಗಿಳಿಸಿ ಜನರಿಗೆ ತೋರಿಸುತ್ತಾರೆ. ಹೋದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಉಳಿದ ದಿನ ಕೆಳಗೆ ನಿಂತು ಕತ್ತು ಎತ್ತಬೇಕು.

ಎತ್ತಿದೆ. ಏನೂ ಅನಿಸಲಿಲ್ಲ.

ಸುಳ್ಳು ಯಾಕೆ ಹೇಳಲಿ. ಬಂಗಾರದ ಬಲಿಪೀಠದ ಮುಂದೆ ನಿಂತೂ ಏನೂ ಅನಿಸಲಿಲ್ಲ. ಸ್ವಲ್ಪ ಮಟ್ಟಿಗೆ ಅದು ನಮ್ಮ ಬಾಸೆಲ್ ಮಿಷನ್ ರಕ್ತ: ಅವಶೇಷ, ಮೂರ್ತಿ, ಬಂಗಾರ ಕಂಡರೆ ಒಳಗೆ ಏನೋ ಬಿಗಿದುಕೊಳ್ಳುತ್ತದೆ. ಇನ್ನೊಂದು, ಈ ಊರಿನ ಚರಿತ್ರೆ. 1560ರಿಂದ, ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೆ ಇಲ್ಲಿ ಚರ್ಚಿನ ನಂಬಿಕೆ ಮೀರಿದವರನ್ನು ಹಿಡಿದು ಶಿಕ್ಷಿಸುವ ಇನ್‌ಕ್ವಿಸಿಷನ್ ನಡೆಯಿತು. ಅದನ್ನು ತರಿಸಿ ಅಂತ ರಾಜನಿಗೆ ಮೊದಲು ಪತ್ರ ಬರೆದವರಲ್ಲಿ ಇದೇ ಝೇವಿಯರ್ ಒಬ್ಬ. ದೇವರ ಹೆಸರಿನಲ್ಲಿ ಜನರನ್ನು ಹಿಂಸಿಸಿದ ಊರಿನಲ್ಲಿ ದೇವರನ್ನು ಹುಡುಕುವುದು ಹೇಗೆ? ಅದೇ ಮನುಷ್ಯ ಕೈಯಲ್ಲಿ ಗಂಟೆ ಹಿಡಿದು ಓಣಿ ಓಣಿ ಸುತ್ತಿ, ಮಕ್ಕಳನ್ನೂ ಆಳುಗಳನ್ನೂ ಕರೆದು ಪಾಠ ಹೇಳುತ್ತಿದ್ದನಂತೆ. ಎರಡೂ ನಿಜ. ಬೆಳಿಗ್ಗೆ ಕೇಳಿದ ಹಾರನ್ ನೆನಪಾಯಿತು. ಗಂಟೆ ಬಾರಿಸುತ್ತ ಹೋಗುವ ಝೇವಿಯರ್ ನನಗೆ ಸ್ವಲ್ಪ ಹತ್ತಿರದವನು.

ಮಳೆ ಜೋರಾಯಿತು. ಹೊರಗಿನ ಕಮಾನಿನ ಕೆಳಗೆ ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ವಯಸ್ಸಾದ ಒಬ್ಬ ಬ್ರದರ್, ಬಿಳಿ ನಿಲುವಂಗಿ, ರಬ್ಬರ್ ಚಪ್ಪಲಿ. ಅವ್ವ ಅವರನ್ನೇ ಕೇಳಿಬಿಟ್ಟಳು: "ಇವತ್ತ ಕರ್ತ ಎಲ್ಲಿ ಸಿಕ್ಕಾ?"

ಅವರು ಹೊನ್ನಾವರದವರು. ಕನ್ನಡ ಕೇಳಿ ಮುಖ ಅರಳಿತು. "ಅಮ್ಮ, ಇದು ನಮ್ಮ ಮಠದ ಪ್ರಶ್ನೆ ಅಲ್ವಾ! ನಿಮಗೆ ಯಾರು ಕಲಿಸಿದ್ದು?" ಅಂದರು. ಆಮೇಲೆ ನನ್ನ ಕಡೆ ತಿರುಗಿ ವಿವರಿಸಿದರು. ಝೇವಿಯರ್ ಮತ್ತು ಇಗ್ನೇಷಿಯಸ್ ಲೊಯೊಲಾ ಪ್ಯಾರಿಸ್‌ನಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದವರು. ಯೇಸು ಸಭೆ ಕಟ್ಟಿದ ಇಗ್ನೇಷಿಯಸ್ ತನ್ನವರಿಗೆ ಒಂದು ಅಭ್ಯಾಸ ಹಾಕಿಕೊಟ್ಟ. ದಿನಕ್ಕೆ ಎರಡು ಸಲ, ಮಧ್ಯಾಹ್ನ ಮತ್ತು ರಾತ್ರಿ, ಸುಮ್ನೆ ಕೂತು ಕಳೆದ ಹೊತ್ತನ್ನು ಹಿಂದಕ್ಕೆ ತಿರುಗಿ ನೋಡಬೇಕು. ಮೊದಲು ಕೃತಜ್ಞತೆ. ಆಮೇಲೆ ಗಂಟೆ ಗಂಟೆಯಾಗಿ ನೆನಪು: ಎಲ್ಲಿ ದೇವರಿದ್ದ, ಎಲ್ಲಿ ನಾನು ಮುಖ ತಿರುಗಿಸಿದೆ. ಕಾಯಿಲೆ, ಕೆಲಸ ಅಂತ ಬೇರೆ ಪ್ರಾರ್ಥನೆ ತಪ್ಪಿದರೂ ಇದು ತಪ್ಪಬಾರದು.

"ಹಿಂದಕ್ಕೆ ಯಾಕೆ? ಆಗಿಂದಾಗ ಕಾಣಬಾರದಾ?" ಅಂತ ಕೇಳಿದೆ.

"ಕಂಡರೆ ಒಳ್ಳೆಯದೇ ಮಾರಾಯ್ರೆ. ಎಮ್ಮಾವುಸಿನವರಿಗೇ ಕಾಣಲಿಲ್ಲ, ನಮಗೆಲ್ಲಿ?" ಅಂದು ನಕ್ಕರು.

ಆ ಕಥೆ ಲೂಕನ ಸುವಾರ್ತೆಯಲ್ಲಿದೆ. ಸತ್ತ ಯೇಸು ಮತ್ತೆ ಎದ್ದ ಪುನರುತ್ಥಾನದ ದಿನ ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವುಸ್ ಊರಿಗೆ ನಡೆದು ಹೋಗುತ್ತಾರೆ. ಯೇಸು ಪಕ್ಕದಲ್ಲೇ ನಡೆಯುತ್ತ ಮಾತಾಡುತ್ತಾನೆ, ಗುರುತು ಸಿಗುವುದಿಲ್ಲ. ಸಂಜೆ ಊಟಕ್ಕೆ ಕೂತು ರೊಟ್ಟಿ ಮುರಿದಾಗ ಗುರುತಾಗುತ್ತದೆ. ಗುರುತಾದ ಕೂಡಲೇ ಮಾಯ. ಆಗ ಹೇಳುತ್ತಾರೆ, ದಾರಿಯಲ್ಲಿ ಆತ ಮಾತಾಡುವಾಗ ನಮ್ಮ ಎದೆ ಉರಿಯುತ್ತಿತ್ತಲ್ಲ ಅಂತ. ಸಣ್ಣವನಿದ್ದಾಗಿಂದ ಕೇಳಿದ ಕಥೆ. ಅದು ತಡವಾಗಿ ಗುರುತು ಹಿಡಿಯುವವರ ಕಥೆ ಅಂತ ಹೊಳೆದದ್ದು ಆ ಬೆಂಚಿನ ಮೇಲೆ, ರಬ್ಬರ್ ಚಪ್ಪಲಿಯ ಪಕ್ಕ.

ಅವ್ವನಿಗೆ ಜೆಸ್ವಿತರ ಹೆಸರೂ ಗೊತ್ತಿಲ್ಲ. ಅವಳಿಗೆ ಈ ಪ್ರಶ್ನೆ ಅವಳ ಅವ್ವನಿಂದ ಬಂದದ್ದು. ಆ ಅಜ್ಜಿಗೆ ಯಾರಿಂದಲೋ.

ಶನಿವಾರ: ಅವ್ವ ಕಳೆದ ಮುಕ್ಕಾಲು ತಾಸು

ಬೆನೌಲಿಂ ಸಂತ ಜೋಸೆಫ್ ವಾಜ್ ಹುಟ್ಟಿದ ಊರು, 1651ರಲ್ಲಿ. ದೀಕ್ಷಾಸ್ನಾನವಾದದ್ದು ಇಲ್ಲಿಯ ಸೇಂಟ್ ಜಾನ್ ದಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆವು. ಈತ ನಮ್ಮ ಕರಾವಳಿಯಲ್ಲೂ ಇದ್ದವನು, ಮಂಗಳೂರು, ಕುಂದಾಪುರದ ಕಡೆ ಕೆಲವು ವರ್ಷ ಸೇವೆ ಮಾಡಿದ್ದಾನೆ. 1687ರಲ್ಲಿ ವೇಷ ಮರೆಸಿಕೊಂಡು ಸಿಲೋನಿಗೆ ಹೋದ. ಯಾಕೆಂದರೆ ಅಲ್ಲಿ ಡಚ್ಚರು ಕ್ಯಾಥೊಲಿಕರನ್ನು ಹಿಂಸಿಸುತ್ತಿದ್ದರು. ಡಚ್ಚರೆಂದರೆ ಪ್ರಾಟೆಸ್ಟೆಂಟರು, ಅಂದರೆ ನಮ್ಮ ಕಡೆಯವರೇ. ನಿನ್ನೆ ಇನ್‌ಕ್ವಿಸಿಷನ್ ಅಂತ ಮೂಗು ಮುರಿದಿದ್ದೆನಲ್ಲ, ಇವತ್ತು ಮೂಗು ನೆಟ್ಟಗಾಯಿತು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ, ಮನೆಯವರೇ ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದಾಗ ಈತ ಅವರನ್ನು ಹುಡುಕಿ, ತೊಳೆದು, ಉಣ್ಣಿಸಿದ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟರು.

ಮಧ್ಯಾಹ್ನ ಸಮುದ್ರ. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಇಲ್ಲ, ಕೆಂಪು ಬಾವುಟ ಹಾರುತ್ತಿರುತ್ತದೆ. ದಡದಲ್ಲಿ ಕೂತು ನೋಡಬಹುದು, ಅಷ್ಟೇ. ಅವ್ವ ನೋಡಿದಳು. "ಭಾಳ ಕೆಂಪೈತಿ," ಅಂದಳು. ಹೌದು, ಹೊಳೆಗಳ ಮಣ್ಣೆಲ್ಲ ಬಂದು ಸೇರಿತ್ತು.

ವಾಪಸು ಬಂದು ಎಲ್ಲರೂ ಮಲಗಿದೆವು. ನಾಲ್ಕಕ್ಕೆ ಎದ್ದರೆ ಅವ್ವನ ಹಾಸಿಗೆ ಖಾಲಿ. ಚಪ್ಪಲಿ ಇಲ್ಲ. ಗೇಟು ತೆರೆದಿತ್ತು.

ದೇವರ ಸಾನ್ನಿಧ್ಯದ ಬಗ್ಗೆ ಬರೆಯುತ್ತಿದ್ದೇನಲ್ಲ, ಅದಕ್ಕೇ ಹೇಳಲೇಬೇಕು: ಆ ಮುಕ್ಕಾಲು ತಾಸು ನನಗೆ ದೇವರು ನೆನಪಾಗಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈಗುಳ. ಹೆಂಡತಿಗೆ, ಗೇಟಿಗೆ, ಅವ್ವನಿಗೂ. ನಾನೊಂದು ಓಣಿ, ಮಗಳೊಂದು ಓಣಿ. ಓಣಿಗೊಂದು ಬಿಳಿ ಶಿಲುಬೆ, ಕಟ್ಟೆ, ಚೆಂಡು ಹೂವಿನ ಹಾರ. ಯಾವುದರ ಮುಂದೆಯೂ ನಿಲ್ಲಲಿಲ್ಲ.

ಸಿಕ್ಕಿದ್ದು ಮಗಳಿಗೆ. ಮೂರನೇ ಓಣಿಯ ಒಂದು ಮನೆಯ ಬಲ್ಕಾಂವ್ ಮೇಲೆ, ಅಂದರೆ ಬಾಗಿಲ ಮುಂದಿನ ಕಲ್ಲಿನ ಜಗುಲಿ, ಅವ್ವ ಕೂತಿದ್ದಳು. ಎದುರಿಗೆ ಅವಳಷ್ಟೇ ವಯಸ್ಸಿನ ಒಬ್ಬ ಅಜ್ಜಿ, ಹೂವಿನ ಗೌನು. ನಡುವೆ ಒಂದು ಮೊರ. ಇಬ್ಬರೂ ಒಣಗಿಸಿದ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಅಜ್ಜಿ ಕೊಂಕಣಿಯಲ್ಲಿ ಹೇಳುತ್ತಿದ್ದಳು, ಅವ್ವ ಕನ್ನಡದಲ್ಲಿ. ವಿಷಯ ಮೊಣಕಾಲು ಅಂತ ಕೈ ನೋಡಿದರೆ ತಿಳಿಯುತ್ತಿತ್ತು. ಅವ್ವನ ಬೆರಳು ಎಷ್ಟು ಚುರುಕಾಗಿದ್ದವು ಅಂದರೆ, ಉಗುರಿನಿಂದ ತುದಿ ಚಿವುಟಿ, ಬಿಳಿ ಸಿಪ್ಪೆ ಒಂದೇ ಎಳೆತಕ್ಕೆ ಬಿಡಿಸಿ, ಬೀಜ ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ಮರೆವು ಬೆರಳಿಗಿನ್ನೂ ತಲುಪಿಲ್ಲ.

"ಎಲ್ಲಿ ಹೋಗಿದ್ದಿ ನೀನು? ಬಾ, ಕುಂದ್ರು," ಅಂದಳು ನನಗೆ, ನಾನೇ ಕಳೆದುಹೋಗಿದ್ದವನ ಹಾಗೆ.

ಕೂತೆ. ಕಾಲು ನಡುಗುತ್ತಿದ್ದವು. ಅಜ್ಜಿ ನನ್ನ ಮುಂದೆಯೂ ಒಂದು ಹಿಡಿ ಬೀಜ ಸುರಿದರು.

ರಾತ್ರಿ ಮಗಳು ಕೇಳಿದಳು, "ಅಪ್ಪಾ, ನಿಮಗ ಎಲ್ಲಿ?" ನನ್ನ ಹತ್ತಿರ ಉತ್ತರ ಇತ್ತು, ಹೇಳಲಿಲ್ಲ. ಅವ್ವ ಸಿಕ್ಕಳು, ಹಾಗಾಗಿ ದೇವರಿದ್ದಾನೆ ಅಂದರೆ, ಸಿಗದವರ ಮನೆಯಲ್ಲಿ? ಪಾರ್ಕಿಂಗ್ ಸಿಕ್ಕರೂ "ಸ್ತೋತ್ರ" ಅನ್ನುವವರು ನಮ್ಮ ಸಭೆಯಲ್ಲಿದ್ದಾರೆ. ನನಗೆ ಅದು ಆಗುವುದಿಲ್ಲ. ಆದರೆ ಆ ಮೊರದ ಸುತ್ತ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ, ಏನೋ ಇತ್ತು. ಅವ್ವ ಸಿಗುವ ಮೊದಲೇ ಇತ್ತು. ನಾನು ಬೈಯುತ್ತ ಓಡಾಡುವಾಗಲೂ ಇತ್ತು.

ಭಾನುವಾರ: ಕೇಳದ ಪ್ರಸಂಗ

ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ದೊಡ್ಡಪ್ಪನ ಮಗ ಇದ್ದಾನೆ, ಸೆಂಟ್ರಿಂಗ್ ಕೆಲಸ. ಅಲ್ಲಿ ಕನ್ನಡ ಎಷ್ಟು ಅಂದರೆ, ಬಸ್ ಸ್ಟಾಪಿನಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಮೂರೂ ಕೇಳಿಸುತ್ತವೆ. ದಾರಿಯಲ್ಲಿ ಸಾಂಕ್ವಾಳದಲ್ಲಿ ಐದು ನಿಮಿಷ ನಿಂತೆವು. ವಾಜ್ ಮನೆತನದ ಊರು. ಹಳೇ ಚರ್ಚು 1834ರಲ್ಲಿ ಸುಟ್ಟುಹೋಗಿ, ಮುಂದಿನ ಗೋಡೆ ಒಂದೇ ನಿಂತಿದೆ. ಬಾಗಿಲಿನಿಂದ ಒಳಗೆ ಹೋದರೆ ಮತ್ತೆ ಹೊರಗೇ ಇರುತ್ತೀರಿ. ಮಗಳು ಎರಡು ಸಲ ಹೋಗಿ ಬಂದಳು.

ಆರಾಧನೆ ಒಂದು ತಗಡಿನ ಶೆಡ್ಡಿನಲ್ಲಿ. ನಲವತ್ತು ಜನ ಇರಬಹುದು. ಗಾರೆ ಕೆಲಸದವರು, ಮನೆಗೆಲಸದವರು, ಇಬ್ಬರು ಆಟೋದವರು. ಕೀರ್ತನೆ ಮುಗಿದು ಪಾಲಕರು, ಅಂದರೆ ಪಾಸ್ಟರ್, ಪ್ರಸಂಗಕ್ಕೆ ಎದ್ದರು. ಓದಿದ ಭಾಗ ಬೈಬಲಿನ ಪ್ರವಾದಿ ಎಲೀಯನ ಕಥೆ: ಬಿರುಗಾಳಿಯಲ್ಲಿ ದೇವರಿರಲಿಲ್ಲ, ಭೂಕಂಪದಲ್ಲಿ ಇರಲಿಲ್ಲ, ಬೆಂಕಿಯಲ್ಲಿ ಇರಲಿಲ್ಲ, ಆಮೇಲೆ ಬಂತು ಒಂದು ಮೆಲ್ಲನೆಯ ಸ್ವರ. ಅಷ್ಟು ಹೇಳುವುದಕ್ಕೂ ತಗಡಿನ ಮೇಲೆ ಮಳೆ ಬೀಳುವುದಕ್ಕೂ ಸರಿ ಹೋಯಿತು. ಕರೆಂಟೂ ಹೋಯಿತು. ಪಾಲಕರ ಬಾಯಿ ಆಡುತ್ತಿತ್ತು, ಒಂದು ಅಕ್ಷರ ಕೇಳಲಿಲ್ಲ. ಮೆಲ್ಲನೆಯ ಸ್ವರದ ಬಗ್ಗೆ ಅವರು ಇಪ್ಪತ್ತು ನಿಮಿಷ ಕಿರುಚಿದರು. ನನಗೆ ನಗು ತಡೆಯಲಾಗಲಿಲ್ಲ, ಪಕ್ಕದಲ್ಲಿದ್ದವನಿಗೂ. ಕೊನೆಗೆ ಪಾಲಕರೇ ನಕ್ಕು ಪುಸ್ತಕ ಮುಚ್ಚಿದರು.

ಆಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ. ಮೂರು ದಿನ ಅನ್ನ, ಮೀನು, ಬ್ರೆಡ್ ತಿಂದ ಬಾಯಿಗೆ ಅದರ ರುಚಿ ಏನು ಹೇಳಲಿ! ರೊಟ್ಟಿ ಬಡಿದವಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಲವತ್ತು ಜನಕ್ಕೆ ಬಡಿದಿದ್ದಳು. ನಾಳೆ ಅವಳಿಗೆ ಮೂರು ಮನೆಯ ಪಾತ್ರೆ. "ಬಡಿಯೂದರಾಗ ಪ್ರಾರ್ಥನೆ ಆಗಿಬಿಡ್ತೈತ್ರಿ, ಬ್ಯಾರೆ ಟೈಮ್ ಎಲ್ಲೈತಿ?" ಅಂದಳು.

ಮೂರಕ್ಕೆ ಹೊರಟೆವು. ಅನಮೋಡ ಘಾಟು ಕತ್ತಲಾಗುವ ಮೊದಲು ಹತ್ತಬೇಕು, ಮಂಜು ಇಳಿದರೆ ಬಾನೆಟ್ಟೂ ಕಾಣುವುದಿಲ್ಲ. ಮೇಲೆ ಹೋಗುವಾಗ ಕಂಬಳಿಯವ ಕಾಣುತ್ತಾನಾ ಅಂತ ಪ್ರತಿ ತಿರುವಿನಲ್ಲೂ ನೋಡಿದೆ. ಕಾಣಲಿಲ್ಲ.

ರಾಮನಗರದಲ್ಲಿ ಒಂದು ಚಾದ ಅಂಗಡಿ. ಬೆಂಚಿನ ಮೇಲೆ ಕೂತ ಮೇಲೆ ಅವ್ವ ತನ್ನ ಬೈಬಲ್ ಚೀಲದ ಜಿಪ್ ತೆಗೆದಳು. ಒಳಗೆ ಕರವಸ್ತ್ರದಲ್ಲಿ ಸುತ್ತಿದ ಒಂದು ಪೊಯಿ. ಶುಕ್ರವಾರದ್ದು. ಕೆನ್ನೆಗೆ ಒತ್ತಿಕೊಂಡದ್ದು ಅದೇ ಇರಬೇಕು. ಕಲ್ಲಿನ ಹಾಗೆ ಗಟ್ಟಿಯಾಗಿ, ಇರುವೆ ಹತ್ತಿತ್ತು. ಬೈಬಲಿನಲ್ಲಿ ದೇವರು ಅರಣ್ಯದಲ್ಲಿ ದಿನದಿನ ಕೊಟ್ಟ ಆಹಾರ ಮನ್ನ, ಇಸ್ರಾಯೇಲ್ಯರು ಅದನ್ನು ನಾಳೆಗೆ ಅಂತ ಇಟ್ಟರೆ ಹುಳ ಬಿದ್ದಿತ್ತಲ್ಲ, ಹಾಗೆ. ಹೆಂಡತಿ "ಅಯ್ಯ, ಒಗೀರಿ ಅತ್ತಿ," ಅಂದಳು. ಅವ್ವ ಕೇಳಲಿಲ್ಲ. ಊದಿ ಇರುವೆ ಹಾರಿಸಿ, ಬೆಂಚಿನ ತುದಿಗೆ ಬಡಿದು ಮುರಿದಳು. ಒಬ್ಬೊಬ್ಬರ ಕಪ್ಪಿನ ಪಕ್ಕ ಒಂದೊಂದು ತುಂಡು ಇಟ್ಟಳು. ನಾವು ನಾಲ್ಕು ಜನ. ತುಂಡು ಐದು.

"ಇದು ಯಾರಿಗವ್ವಾ?" ಅಂದೆ.

ಅವಳು ತುಂಡನ್ನು ನೋಡಿದಳು, ನಮ್ಮನ್ನು ನೋಡಿದಳು. ನೆನಪು ಮಾಡಿಕೊಳ್ಳುವವಳ ಹಾಗೆ ತುಂಬ ಹೊತ್ತು ನೋಡಿದಳು. ಅಂಗಡಿಯ ಮುಂದೆ ನೆನೆದ ನಾಯಿಯೊಂದು ನಿಂತಿತ್ತು. ತುಂಡನ್ನು ಚಾದಲ್ಲಿ ಅದ್ದಿ ಮೆತ್ತಗೆ ಮಾಡಿ ಅದರ ಮುಂದೆ ಇಟ್ಟು ಬಂದಳು. ನಾವು ನಮ್ಮದನ್ನು ಅದ್ದಿಕೊಂಡೆವು. ಒಳಗೆ ಇನ್ನೂ ತೌಡಿನ ವಾಸನೆ ಇತ್ತು.